ಹಂಪಿಯ ಬಂಡೆ, ಹಂಪಿಯ ಕಂಬ: ದಾಖಲೆಯ ಚಿತ್ರ ಎಲ್ಲಿ ಮುಗಿಯುತ್ತದೆ, ಕಲಾಕೃತಿ ಎಲ್ಲಿ ಮೊದಲಾಗುತ್ತದೆ?

ಪ್ರಶ್ನೆ: ಮಲಪ್ರಭೆ

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದವಳು. ಕಳೆದ ಆರು ವರ್ಷಗಳಿಂದ, ವರ್ಷಕ್ಕೆ ಎರಡು ಮೂರು ಬಾರಿ ಹಂಪಿಗೆ ಹೋಗಿ ಅಲ್ಲಿನ ಗುಡ್ಡ, ಬಂಡೆ, ಮಂಟಪ, ಕಂಬಗಳ ಚಿತ್ರಗಳನ್ನು ಕಪ್ಪು-ಬಿಳುಪಿನಲ್ಲಿ ತೆಗೆಯುತ್ತ ಬಂದಿದ್ದೇನೆ. ಆರಂಭದಲ್ಲಿ ಇದು ರಜೆಯ ದಿನಗಳ ಸಂತೋಷವಷ್ಟೇ ಆಗಿತ್ತು. ಕ್ರಮೇಣ ನನ್ನ ಕಣ್ಣು ಪ್ರಸಿದ್ಧ ಕಟ್ಟಡಗಳನ್ನು ಬಿಟ್ಟು, ಹೇಮಕೂಟ ಗುಡ್ಡದ ಹಾಸುಬಂಡೆಯ ಮೇಲೆ ನಿಂತ ಚಿಕ್ಕ ಗುಡಿಗಳ ಕಡೆಗೆ, ಯಾರೂ ನಿಂತು ನೋಡದ ಒಂಟಿ ಕಂಬಗಳ ಕಡೆಗೆ, ನೆಲದಿಂದ ಅರ್ಧ ಎದ್ದಂತೆ ಕಾಣುವ ಬಂಡೆಗಳ ಕಡೆಗೆ ಹೊರಳಿತು. ಈಗ ನನ್ನ ಬಳಿ ನಾಲ್ಕು ನೂರಕ್ಕೂ ಹೆಚ್ಚು ಚಿತ್ರಗಳಿವೆ.

ಈಚೆಗೆ ಅವುಗಳಲ್ಲಿ ನಲವತ್ತನ್ನು ಆರಿಸಿ, ಚಿತ್ರಕಲಾವಿದರಾದ ಒಬ್ಬ ಹಿರಿಯರಿಗೆ ತೋರಿಸಿದೆ. ಅವರು ಪ್ರತಿಯೊಂದನ್ನೂ ತಾಳ್ಮೆಯಿಂದ ನೋಡಿದರು. ಕೊನೆಗೆ ಹೇಳಿದ ಮಾತು ಇಷ್ಟೇ: “ಅಮ್ಮಾ, ಚಿತ್ರಗಳು ಸ್ವಚ್ಛವಾಗಿವೆ. ಆದರೆ ಇದರಲ್ಲಿ ಚೆನ್ನಾಗಿರುವುದು ಹಂಪಿ. ನಿಮ್ಮದು ಯಾವುದು?” ಆ ಮಾತಿನಲ್ಲಿ ಕಹಿಯಿರಲಿಲ್ಲ, ಅವರು ನಿಜವಾಗಿಯೂ ತಿಳಿಯಬಯಸಿಯೇ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಶಿಲ್ಪಿಗಳು ಕಡೆದದ್ದನ್ನು, ಮಳೆಗಾಳಿಗಳು ತೀಡಿದ್ದನ್ನು ನಾನು ಕೇವಲ ನಕಲು ಮಾಡಿದ್ದೇನೆಯೇ ಎಂಬ ಸಂಕಟ ಅಂದಿನಿಂದ ಬಿಟ್ಟಿಲ್ಲ.

ಇದರ ಜೊತೆಗೆ ಇನ್ನೊಂದು ಗೊಂದಲವೂ ಇದೆ. ಒಂದು ಮಂಟಪದ ಚಾವಣಿಯ ಕಲ್ಲುಗಳ ನಡುವೆ ಬೇರಿಳಿಸಿದ ಅರಳಿಗಿಡದ ಚಿತ್ರವನ್ನು ನಾನು ಒಂದು ಛಾಯಾಚಿತ್ರ ಸ್ಪರ್ಧೆಯ ನಿಸರ್ಗ ವಿಭಾಗಕ್ಕೆ ಕಳುಹಿಸಿದ್ದೆ. ಅದು ಆ ವಿಭಾಗಕ್ಕೆ ಸೇರುವುದಿಲ್ಲವೆಂದು ತಿರಸ್ಕೃತವಾಯಿತು. ನನಗೆ ಕಾಣುವ ಹಂಪಿಯಲ್ಲಿ ನಿಸರ್ಗ ಎಲ್ಲಿ ಮುಗಿಯುತ್ತದೆ, ವಾಸ್ತು, ಅಂದರೆ ಮನುಷ್ಯ ಕಟ್ಟಿದ್ದು, ಎಲ್ಲಿ ಮೊದಲಾಗುತ್ತದೆ ಎಂದು ಗೆರೆ ಎಳೆಯಲು ಆಗುವುದೇ ಇಲ್ಲ. ಬಹುಶಃ ನನ್ನ ಇಡೀ ಕೆಲಸದ ತೊಡಕು ಇದೇ ಇರಬಹುದು. ಮುಂದಿನ ವರ್ಷ ಒಂದು ಚಿಕ್ಕ ಪ್ರದರ್ಶನ ಮಾಡಬೇಕೆಂಬ ಆಸೆಯಿದೆ. ಅನುಭವವುಳ್ಳವರು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ: ಕತ್ತಲಕೋಣೆ

ಮಲಪ್ರಭೆಯವರೇ, ಆ ಹಿರಿಯರು ಕೇಳಿದ ಪ್ರಶ್ನೆಯನ್ನು ನೀವು ಸಂಕಟವೆಂದು ಬರೆದಿದ್ದೀರಿ. ನಾನು ಅದನ್ನು ನಿಮಗೆ ಸಿಕ್ಕ ಕಾಣಿಕೆ ಎಂದೇ ಎಣಿಸುತ್ತೇನೆ. ಸುಂದರವಾದ ವಸ್ತುವಿನ ಮುಂದೆ ಕ್ಯಾಮೆರಾ ಹಿಡಿದವರೆಲ್ಲರೂ ಒಂದಲ್ಲ ಒಂದು ದಿನ ಎದುರಿಸಲೇಬೇಕಾದ ಪ್ರಶ್ನೆ ಅದು. ಕಟ್ಟಡದ ಛಾಯಾಚಿತ್ರಗಳ ವಿಷಯದಲ್ಲಂತೂ ಅದು ಇನ್ನೂ ತೀಕ್ಷ್ಣವಾಗುತ್ತದೆ, ಏಕೆಂದರೆ ಅಲ್ಲಿ ನಮಗಿಂತ ಮೊದಲೇ ಇನ್ನೊಬ್ಬ ಕಲಾವಿದ ತನ್ನ ಕೆಲಸವನ್ನು ಮುಗಿಸಿ ಹೋಗಿರುತ್ತಾನೆ.

ಈ ಪ್ರಶ್ನೆಗೆ ನಾನು ಕಂಡ ಅತ್ಯುತ್ತಮ ಉತ್ತರ ಒಂದು ಛಾಯಾಚಿತ್ರವೇ. ಫ್ರೆಡರಿಕ್ ಎವಾನ್ಸ್ ಎಂಬವರು ಲಂಡನ್ನಿನಲ್ಲಿ ಪುಸ್ತಕದಂಗಡಿ ನಡೆಸುತ್ತಿದ್ದು, 1898ರಲ್ಲಿ ಅದನ್ನು ಬಿಟ್ಟು ಪೂರ್ಣವಾಗಿ ಛಾಯಾಗ್ರಹಣಕ್ಕೆ ಬಂದವರು. ಇಂಗ್ಲೆಂಡಿನ ಹಳೆಯ ದೊಡ್ಡ ಚರ್ಚುಗಳ ಒಳಾಂಗಣವೇ ಅವರ ವಸ್ತು. 1903ರಲ್ಲಿ ಅವರು ವೆಲ್ಸ್ ಎಂಬ ಊರಿನ ಕೆಥೀಡ್ರಲ್ಲಿನಲ್ಲಿ ಒಂದು ಕಲ್ಲಿನ ಮೆಟ್ಟಿಲಸಾಲನ್ನು ಚಿತ್ರಿಸಿದರು. ಶತಮಾನಗಳ ಕಾಲ ಜನರ ಕಾಲು ತಗುಲಿ ಆ ಮೆಟ್ಟಿಲುಗಳು ನಡುವೆ ಸವೆದು ಬಾಗಿವೆ. ಮೇಲೆ ಹೋಗುತ್ತ ಒಂದು ಕವಲು ಬಲಕ್ಕೆ ತಿರುಗುತ್ತದೆ. ಎವಾನ್ಸ್ ನಿಂತ ಜಾಗದಿಂದ, ಅವರು ಆರಿಸಿಕೊಂಡ ಬೆಳಕಿನಲ್ಲಿ, ಆ ಮೆಟ್ಟಿಲುಗಳು ಉಬ್ಬಿ ಬರುವ ಅಲೆಗಳಂತೆ ಕಾಣುತ್ತವೆ. ಚಿತ್ರಕ್ಕೆ ಅವರಿಟ್ಟ ಹೆಸರೂ ‘ಮೆಟ್ಟಿಲುಗಳ ಕಡಲು’ ಎಂಬ ಅರ್ಥದ್ದೇ. ಮೆಟ್ಟಿಲು ಕಟ್ಟಿದವರು ಕಡಲನ್ನು ಕಟ್ಟಲು ಹೊರಟವರಲ್ಲ, ಅವುಗಳನ್ನು ಸವೆಸಿದವರಿಗೂ ಕಡಲಿನ ಯೋಚನೆಯಿರಲಿಲ್ಲ. ಆ ಕಡಲು ಎವಾನ್ಸ್ ಅವರದು. ಅದನ್ನು ಪಡೆಯಲು ಅವರು ಚಿತ್ರವನ್ನು ತಿದ್ದಲಿಲ್ಲ ಎಂಬುದೂ ಗಮನಿಸಬೇಕಾದದ್ದು. ನೆಗೆಟಿವ್ ಮೇಲೆ ಕೈಯಾಡಿಸುವುದನ್ನು ಅವರು ಒಪ್ಪುತ್ತಲೇ ಇರಲಿಲ್ಲ. ನಿಲ್ಲುವ ಜಾಗ, ಕಾಯುವ ಹೊತ್ತು, ಚಿತ್ರ ಅಚ್ಚು ಹಾಕುವ ಪ್ಲಾಟಿನಂ ಕಾಗದದ ದೀರ್ಘವಾದ ಬೂದುಛಾಯೆಗಳು, ಇಷ್ಟರಿಂದಲೇ ಅವರು ಆ ಕಲ್ಲಿಗೆ ನೀರಿನ ಗುಣ ತಂದರು.

ಇದಕ್ಕೆ ಎದುರು ದಿಕ್ಕಿನಿಂದ ಬಂದವರು ಜರ್ಮನಿಯ ಕಾರ್ಲ್ ಬ್ಲಾಸ್‌ಫೆಲ್ಟ್. ಅವರು ಬರ್ಲಿನ್ನಿನಲ್ಲಿ ವಿನ್ಯಾಸ ಕಲಿಸುತ್ತಿದ್ದ ಶಿಕ್ಷಕರು. ಎಳೆಯ ವಯಸ್ಸಿನಲ್ಲಿ ಕಬ್ಬಿಣದ ಎರಕದ ಕೆಲಸ ಕಲಿತವರು. ವಿದ್ಯಾರ್ಥಿಗಳಿಗೆ ತೋರಿಸುವುದಕ್ಕಾಗಿ ಜರೀಗಿಡದ ಸುರುಳಿ ಚಿಗುರು, ಮೊಗ್ಗು, ಬೀಜಕೋಶ, ಕಾಂಡದ ಗಿಣ್ಣುಗಳನ್ನು ಹಲವು ಪಟ್ಟು ಹಿಗ್ಗಿಸಿ, ಬರಿಯ ಹಿನ್ನೆಲೆಯ ಮುಂದೆ, ಸಮನಾದ ಬೆಳಕಿನಲ್ಲಿ ದಶಕಗಳ ಕಾಲ ಚಿತ್ರಿಸಿದರು. 1928ರಲ್ಲಿ, ತಮ್ಮ ಅರವತ್ತಮೂರನೆಯ ವಯಸ್ಸಿನಲ್ಲಿ, ಅವುಗಳನ್ನು ಪುಸ್ತಕವಾಗಿ ತಂದಾಗ ನೋಡಿದವರಿಗೆ ಗಿಡಗಳು ಕಂಬಗಳಾಗಿ, ಬೋದಿಗೆಗಳಾಗಿ, ಕಬ್ಬಿಣದ ಸರಳಿನ ಕೆತ್ತನೆಗಳಾಗಿ ಕಂಡವು. ಎವಾನ್ಸ್ ಕಟ್ಟಡದೊಳಗೆ ನಿಸರ್ಗವನ್ನು ಕಂಡರೆ, ಬ್ಲಾಸ್‌ಫೆಲ್ಟ್ ನಿಸರ್ಗದೊಳಗೆ ಕಟ್ಟಡವನ್ನು ಕಂಡರು.

ನೀವು ತೊಡಕೆಂದು ಬರೆದ ಮಾತಿಗೆ ಈಗ ಬರುತ್ತೇನೆ. ನಿಸರ್ಗ ಮತ್ತು ವಾಸ್ತುವಿನ ನಡುವೆ ಗೆರೆ ಎಳೆಯಲು ಆಗುವುದಿಲ್ಲ ಎಂದಿರಲ್ಲ, ಅಲ್ಲಿಯೇ ನಿಮ್ಮ ಕೆಲಸವಿದೆ ಎಂದು ನನಗೆ ಬಲವಾಗಿ ಅನಿಸುತ್ತದೆ. ನಾಲ್ಕು ನೂರು ಚಿತ್ರಗಳನ್ನು ಇನ್ನೊಮ್ಮೆ ಹರಡಿಕೊಂಡು, ‘ಚೆನ್ನಾಗಿ ಬಂದಿದೆಯೇ’ ಎಂದು ಕೇಳುವುದನ್ನು ನಿಲ್ಲಿಸಿ, ‘ಈ ಚೌಕಟ್ಟಿನಲ್ಲಿ ಬಂಡೆ ಯಾವುದು, ಕಂಬ ಯಾವುದು ಎಂದು ನೋಡುವವರು ಒಂದು ಕ್ಷಣ ತಡವರಿಸುತ್ತಾರೆಯೇ’ ಎಂದು ಕೇಳಿ ನೋಡಿ. ಹಾಗೆ ತಡವರಿಸುವಂತೆ ಮಾಡುವವು ಬಹುಶಃ ಹದಿನೈದೋ ಇಪ್ಪತ್ತೋ ಇರುತ್ತವೆ. ಅವು ನಿಮ್ಮವು. ಉಳಿದವು ಹಂಪಿಗೆ ಸೇರಿದವು, ಅವುಗಳನ್ನು ಬಿಟ್ಟುಕೊಡಲು ದುಃಖಪಡಬೇಡಿ.

ಉತ್ತರ: ಹಾಸುಗಲ್ಲು

ನಾನು ವೃತ್ತಿಯಿಂದ ಹಳೆಯ ಕಟ್ಟಡಗಳ ಸಂರಕ್ಷಣೆಯ ಕೆಲಸದಲ್ಲಿರುವವನು, ಛಾಯಾಗ್ರಾಹಕನಲ್ಲ. ಆದರೂ ‘ಕತ್ತಲಕೋಣೆ’ಯವರು ಹೇಳಿದ್ದಕ್ಕೆ ಕಲ್ಲಿನ ಕಡೆಯಿಂದ ಕೆಲವು ಮಾತು ಸೇರಿಸಬಯಸುತ್ತೇನೆ. ಹಂಪಿಯಲ್ಲಿ ಬಂಡೆ ಮತ್ತು ಕಂಬ ಒಂದರಂತೆ ಇನ್ನೊಂದು ಕಾಣುವುದು ಕೇವಲ ಕಣ್ಣಿನ ಹೋಲಿಕೆಯಲ್ಲ. ಅಲ್ಲಿ ಎರಡೂ ಒಂದೇ ಮೈ.

ಅಲ್ಲಿನ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ನೆಲದಾಳದಲ್ಲಿ ಗಟ್ಟಿಯಾದ ಆ ಶಿಲೆ ಮೇಲಿನ ಹೊರೆ ಕರಗಿ ಹೋದಂತೆ ಅಡ್ಡಕ್ಕೂ ಉದ್ದಕ್ಕೂ ಬಿರುಕು ಬಿಟ್ಟಿತು. ಬಿರುಕಿನೊಳಗೆ ನೀರು ಇಳಿದು, ಮೂಲೆಗಳು ಮೊದಲು ಸವೆದು, ಚೌಕವಾಗಿದ್ದ ತುಂಡುಗಳು ದುಂಡಾದವು. ಯಾರೋ ಒಂದರ ಮೇಲೊಂದು ಜೋಡಿಸಿಟ್ಟಂತೆ ಕಾಣುವ ಗುಂಡುಗಳೆಲ್ಲ ಹೆಚ್ಚಿನಂಶ ಎಲ್ಲಿಂದಲೂ ಉರುಳಿ ಬಂದವಲ್ಲ. ನಿಂತಲ್ಲೇ ಸವೆದು ಬೇರ್ಪಟ್ಟವು. ವಿಜಯನಗರದ ಕಲ್ಲುಕುಟಿಗರು ಮಾಡಿದ್ದೂ ಒಂದು ರೀತಿಯಲ್ಲಿ ಇದೇ ಕೆಲಸ. ಅವರು ಬಂಡೆಯ ಮೇಲೆ ನೇರವಾದ ಸಾಲಿನಲ್ಲಿ ಚಿಕ್ಕ ಗುಳಿಗಳನ್ನು ಕೊರೆದು, ಅವುಗಳಲ್ಲಿ ಬೆಣೆ ಬಡಿದು, ಕಲ್ಲನ್ನು ಸೀಳಿದರು. ಮಳೆ ಸಾವಿರಾರು ವರ್ಷಗಳಲ್ಲಿ ತೆರೆಯುವ ಬಿರುಕನ್ನು ಬೆಣೆ ಬಲು ಬೇಗ ತೆರೆಯಿತು.

ಆ ಬೆಣೆಗುಳಿಗಳ ಸಾಲು ಹಂಪಿಯಲ್ಲಿ ಎಲ್ಲೆಲ್ಲೂ ಕಾಣಸಿಗುತ್ತದೆ. ಕೆಲವು ಬಂಡೆಗಳಲ್ಲಿ ಗುಳಿ ಕೊರೆದು ಸೀಳದೆ ಬಿಟ್ಟಿದ್ದಾರೆ. ಕೆಲವುಗಳಲ್ಲಿ ಒಂದು ಮಗ್ಗುಲು ಚಾಕುವಿನಿಂದ ಕೊಯ್ದಂತೆ ನೇರವಾಗಿದ್ದು, ಅದರ ಅಂಚಿನಲ್ಲಿ ಹಲ್ಲಿನ ಸಾಲಿನಂತೆ ಗುಳಿಗಳ ಅರ್ಧಭಾಗ ಉಳಿದಿದೆ. ಇನ್ನೊಂದು ಮಗ್ಗುಲು ನಿಸರ್ಗ ಮಾಡಿದ ಹಾಗೆಯೇ ದುಂಡಗಿದೆ. ಮಂಟಪದ ಕಂಬದಲ್ಲಿ, ತೊಲೆಯ ಹಿಂಬದಿಯಲ್ಲಿ ಕೂಡ ಅದೇ ಗುಳಿಯ ಗುರುತು ಉಳಿದಿರುವುದುಂಟು. ಬಂಡೆ ಕಂಬವಾಗಲು ಹೊರಟು ನಡುದಾರಿಯಲ್ಲಿ ನಿಂತಿರುವ ಈ ಕಲ್ಲುಗಳನ್ನು ನಾನು ಎಷ್ಟೋ ಬಾರಿ ಮುಟ್ಟಿ ನೋಡಿದ್ದೇನೆ. ಪ್ರವಾಸಿಗರ ಚಿತ್ರಗಳಲ್ಲಿ ಅವು ಬರುವುದೇ ಅಪರೂಪ. ನಿಮ್ಮ ಸರಣಿಯ ನಡುಗಂಬ ಅವೇ ಆಗಬಹುದೆಂದು ನನ್ನ ಎಣಿಕೆ. ಕಡಲೆಕಾಳು ಗಣಪನನ್ನೂ ಈ ಕಣ್ಣಿನಿಂದ ಇನ್ನೊಮ್ಮೆ ನೋಡಿ: ಹೇಮಕೂಟದ ಇಳಿಜಾರಿನಲ್ಲಿದ್ದ ಒಂದೇ ಬಂಡೆಯಲ್ಲಿ ಮೂರ್ತಿಯನ್ನು ಕಡೆದು, ಅದರ ಸುತ್ತ ಗುಡಿ ಕಟ್ಟಿದ್ದಾರೆ. ಅಲ್ಲಿ ಬೆಟ್ಟ ಎಲ್ಲಿ ಮುಗಿಯಿತು ಎಂದು ಹೇಳುವುದು ನನ್ನಂಥ ಕಟ್ಟಡದ ಮನುಷ್ಯನಿಗೂ ಸುಲಭವಲ್ಲ.

ಬೆಳಕಿನ ಬಗ್ಗೆ ಒಂದು ಉಪಯುಕ್ತ ಲೆಕ್ಕವಿದೆ. ಹಂಪಿ ಸುಮಾರು 15.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ ಕೊನೆಯಲ್ಲಿ ಸೂರ್ಯ ನೇರ ಪೂರ್ವಕ್ಕಿಂತ ಸುಮಾರು 24 ಡಿಗ್ರಿ ದಕ್ಷಿಣಕ್ಕೆ ಸರಿದು ಹುಟ್ಟುತ್ತಾನೆ. ಜೂನ್ ಕೊನೆಯಲ್ಲಿ ಅಷ್ಟೇ ಉತ್ತರಕ್ಕೆ ಸರಿದಿರುತ್ತಾನೆ. ಹಾಗಾಗಿ ಪೂರ್ವ-ಪಶ್ಚಿಮವಾಗಿ ಕಟ್ಟಿದ ಗುಡಿಯ ದಕ್ಷಿಣದ ಗೋಡೆಗೆ ಚಳಿಗಾಲದ ಬೆಳಿಗ್ಗೆ ಬೆಳಕು ಓರೆಯಾಗಿ, ಗೋಡೆಯನ್ನು ಸವರಿಕೊಂಡು ಹೋಗುತ್ತದೆ. ಉಳಿಯ ಒಂದೊಂದು ಪೆಟ್ಟೂ, ಬೆಣೆಗುಳಿಯ ಒಂದೊಂದು ಅಂಚೂ ಆಗ ಎದ್ದು ನಿಲ್ಲುತ್ತದೆ. ಅದೇ ಗೋಡೆಗೆ ಜೂನ್ ಬೆಳಗಿನಲ್ಲಿ ನೇರ ಬಿಸಿಲೇ ತಾಗುವುದಿಲ್ಲ. ಆ ಋತುವಿನಲ್ಲಿ ನೀವು ಉತ್ತರದ ಗೋಡೆಗೆ ಹೋಗಬೇಕು. ಮೇ ಮೊದಲ ವಾರದಿಂದ ಆಗಸ್ಟ್ ಎರಡನೆಯ ವಾರದವರೆಗೆ ಹಂಪಿಯಲ್ಲಿ ನಡುಹಗಲಿನ ಸೂರ್ಯನೂ ನೆತ್ತಿಗಿಂತ ಸ್ವಲ್ಪ ಉತ್ತರಕ್ಕೇ ಇರುತ್ತಾನೆ. ವರ್ಷಕ್ಕೆ ಎರಡು ಮೂರು ಬಾರಿ ಹೋಗುತ್ತೀರಾದರೆ, ಹೋಗುವ ತಿಂಗಳನ್ನು ರಜೆಯ ಅನುಕೂಲ ನೋಡಿ ಆರಿಸದೆ ಗೋಡೆಯನ್ನು ನೋಡಿ ಆರಿಸಿ.

ಇನ್ನೊಂದು ಮಾತು, ಕಪ್ಪು-ಬಿಳುಪಿನ ಬಗ್ಗೆ. ಹಂಪಿಯ ಅತ್ಯಂತ ಹಳೆಯ ಛಾಯಾಚಿತ್ರಗಳಲ್ಲಿ ಮುಖ್ಯವಾದವು ಮದರಾಸು ಸೇನೆಯ ಅಧಿಕಾರಿಯಾಗಿದ್ದ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬವರು 1856ರ ಸುಮಾರಿಗೆ ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳ ಮೇಲೆ ತೆಗೆದವು. ಅವುಗಳಲ್ಲಿ ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರ ಕಾಣುತ್ತದೆ, ಇಂದು ಅದಿಲ್ಲ. 1983ರಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೊಲಿಂಗ್ಸ್ ಅದೇ ಸ್ಥಳಗಳನ್ನು ಹುಡುಕಿ, ಗ್ರೀನ್‌ಲಾ ನಿಂತಲ್ಲೇ ನಿಂತು ಮತ್ತೆ ಚಿತ್ರಿಸಿದರು. ಆ ಎರಡನ್ನೂ ಅಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ದಾಖಲೆ ಮತ್ತು ಕಲೆ ಬೇರೆಬೇರೆ ಎಂಬ ಮಾತೇ ಸ್ವಲ್ಪ ಸಡಿಲವಾಗುತ್ತದೆ. ಗ್ರೀನ್‌ಲಾ ಕಾಲದ ರಾಸಾಯನಿಕಗಳು ನೀಲಿ ಬೆಳಕಿಗೆ ಮಾತ್ರ ಚೆನ್ನಾಗಿ ಸ್ಪಂದಿಸುತ್ತಿದ್ದವು. ಅದರಿಂದ ಆಕಾಶ ಬೆಳ್ಳಗೆ, ಖಾಲಿಯಾಗಿ ಬೀಳುತ್ತಿತ್ತು. ಕೆಂಪು-ಕಂದು ಬಣ್ಣಕ್ಕೆ ತಿರುಗಿದ ಕಲ್ಲು ಗಾಢವಾಗಿ, ಭಾರವಾಗಿ ಬರುತ್ತಿತ್ತು. ಇಂದಿನವರು ಹೆಚ್ಚಾಗಿ ಕೆಂಪು ಫಿಲ್ಟರಿನ ಪರಿಣಾಮವನ್ನು ಬಳಸಿ ಆಕಾಶವನ್ನು ಕಪ್ಪಾಗಿಸಿ ಕಲ್ಲನ್ನು ಹೊಳೆಯಿಸುತ್ತಾರೆ. ನೀವು ಒಮ್ಮೆ ಅದರ ವಿರುದ್ಧ ದಿಕ್ಕಿಗೆ ಹೋಗಿ, ಕಂಪ್ಯೂಟರಿನಲ್ಲಿ ನೀಲಿ ಚಾನೆಲ್ಲನ್ನೇ, ಅಂದರೆ ಚಿತ್ರದಲ್ಲಿನ ನೀಲಿ ಬೆಳಕಿನ ಪಾಲನ್ನೇ, ಮುಂದೆ ಮಾಡಿ ಪರಿವರ್ತಿಸಿ ನೋಡಿ. ಕಲ್ಲಿನ ಮೇಲಿನ ಮಳೆನೀರಿನ ಕಲೆಗಳು, ತುಕ್ಕಿನ ಗೆರೆಗಳೆಲ್ಲ ಗಾಢವಾಗಿ ಎದ್ದು ಬರುತ್ತವೆ.

ಪ್ರಶ್ನೆ ಕೇಳಿದವರು: ಮಲಪ್ರಭೆ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿನ್ನೆ ರಾತ್ರಿ ಕುಳಿತು ಎಲ್ಲ ಚಿತ್ರಗಳನ್ನೂ ಮತ್ತೆ ನೋಡಿದೆ. ತಡವರಿಸುವಂತೆ ಮಾಡುವ ಚಿತ್ರಗಳು ಹದಿನೈದು ಇರಲಿಲ್ಲ, ಒಂಬತ್ತು ಇದ್ದವು. ಅವುಗಳಲ್ಲಿ ನಾಲ್ಕನ್ನು ನಾನು ಮೊದಲಿನ ನಲವತ್ತರಲ್ಲಿ ಸೇರಿಸಿಯೇ ಇರಲಿಲ್ಲ, ಏಕೆಂದರೆ ಅವುಗಳಲ್ಲಿ ‘ಹಂಪಿ’ ಎಂದು ಗುರುತಿಸಬಹುದಾದದ್ದು ಏನೂ ಇಲ್ಲವೆಂದು ನನಗೆ ಅನಿಸಿತ್ತು. ಬೆಣೆಗುಳಿಗಳಿರುವ ಒಂದು ಬಂಡೆಯ ಚಿತ್ರ ಸಿಕ್ಕಿತು. ಅದನ್ನು ನಾನು ತೆಗೆದದ್ದು ಆ ಬಂಡೆಯ ಮೇಲೆ ಕುಳಿತಿದ್ದ ಓತಿಕ್ಯಾತಕ್ಕಾಗಿ. ಗುಳಿಗಳನ್ನು ನಾನು ಅಂದು ಕಂಡೇ ಇರಲಿಲ್ಲ.

ಗೋಪುರಗಳ ವಿಷಯದಲ್ಲಿ ಒಂದು ಸಂದೇಹ. ಬಂಡೆಗಳ ಜೊತೆಗೆ ವಿರೂಪಾಕ್ಷ ದೇವಾಲಯದ ರಾಜಗೋಪುರವನ್ನು ತರಲು ಪ್ರಯತ್ನಿಸಿದಾಗೆಲ್ಲ ಗೋಪುರ ಹಿಂದಕ್ಕೆ ವಾಲಿದಂತೆ ಬರುತ್ತದೆ, ನಂತರ ತಿದ್ದಿದರೆ ತಲೆ ಹಿಗ್ಗಿದಂತೆ ಕಾಣುತ್ತದೆ. ಇದಕ್ಕೇನು ಮಾಡಬೇಕು?

ಉತ್ತರ: ಕತ್ತಲಕೋಣೆ

ಒಂಬತ್ತು ಸಿಕ್ಕಿದ್ದು ದೊಡ್ಡ ವಿಷಯ. ಆ ಓತಿಕ್ಯಾತಕ್ಕೆ ನನ್ನದೂ ಒಂದು ನಮಸ್ಕಾರ ತಿಳಿಸಿ.

ಗೋಪುರ ವಾಲುವುದು ಕ್ಯಾಮೆರಾವನ್ನು ಮೇಲಕ್ಕೆ ಓರೆ ಮಾಡುವುದರಿಂದ. ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರ್ ನೆಲಕ್ಕೆ ಲಂಬವಾಗಿದ್ದರೆ ಲಂಬ ಗೆರೆಗಳು ಲಂಬವಾಗಿಯೇ ಉಳಿಯುತ್ತವೆ. ಮಸೂರವನ್ನು ಮೇಲಕ್ಕೆ ಸರಿಸಬಹುದಾದ ಶಿಫ್ಟ್ ಲೆನ್ಸ್ ಇದಕ್ಕೆಂದೇ ಇದೆ, ಆದರೆ ಅದು ದುಬಾರಿ. ಅದಿಲ್ಲದವರಿಗೆ ಹೇಮಕೂಟವೇ ಶಿಫ್ಟ್ ಲೆನ್ಸ್! ಗೋಪುರ ಸುಮಾರು 50 ಮೀಟರ್ ಎತ್ತರವಿದೆ. ಗುಡ್ಡದ ಮೇಲೆ ಸ್ವಲ್ಪ ಹತ್ತಿದರೆ ನಿಮ್ಮ ಕಣ್ಣು ಅದರ ನಡುಭಾಗದ ಕಡೆಗೆ ಏರಿರುತ್ತದೆ. ಅಲ್ಲಿಂದ ಕ್ಯಾಮೆರಾವನ್ನು ಸಮತಟ್ಟಾಗಿ ಹಿಡಿದು, ಉದ್ದ ಮಸೂರ (ಟೆಲಿ ಲೆನ್ಸ್) ಬಳಸಿ ತೆಗೆದರೆ ಗೋಪುರ ನೆಟ್ಟಗೆ ನಿಲ್ಲುತ್ತದೆ. ಮೇಲಾಗಿ ಉದ್ದ ಮಸೂರದಲ್ಲಿ ದೂರದ ಗೋಪುರ ಮತ್ತು ಹತ್ತಿರದ ಬಂಡೆ ಒಂದನ್ನೊಂದು ಒತ್ತಿಕೊಂಡು ಬರುತ್ತವೆ. ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೆ ಕಿರಿದಾಗುವ ಹೇಮಕೂಟದ ಗುಡಿಗಳ ಚಾವಣಿ, ಅದರ ಹಿಂದೆ ಅಂತಸ್ತು ಅಂತಸ್ತಾಗಿ ಕಿರಿದಾಗುವ ಗೋಪುರ, ಇನ್ನೂ ಹಿಂದೆ ಗುಂಡುಗಳು ಪೇರಿಸಿಕೊಂಡ ಬೆಟ್ಟ: ಈ ಮೂರೂ ಒಂದೇ ಆಕಾರದ ಮೂರು ರೂಪಗಳು. ಅಗಲ ಮಸೂರದಲ್ಲಿ ಇವು ಮೂರು ಬೇರೆ ವಸ್ತುಗಳಾಗಿ ಚೆದುರಿಹೋಗುತ್ತವೆ. ಅಪರ್ಚರನ್ನು, ಅಂದರೆ ಮಸೂರದ ಕಿಂಡಿಯನ್ನು, ಎಫ್ 8 ಅಥವಾ 11ರಲ್ಲಿ ಇಟ್ಟುಕೊಳ್ಳಿ; ಎಲ್ಲವೂ ಸ್ಪಷ್ಟವಾಗಬೇಕೆಂದು ಎಫ್ 22ಕ್ಕೆ ಹೋದರೆ ಕಿಂಡಿ ಅತಿ ಚಿಕ್ಕದಾಗಿ ಬೆಳಕು ಬಾಗಿ, ಇಡೀ ಚಿತ್ರ ಮೆತ್ತಗಾಗುತ್ತದೆ.

ಆ ಗೋಪುರದ ಮಾತು ಬಂದದ್ದರಿಂದ ಒಂದು ವಿಷಯ ಹೇಳದೆ ಇರಲಾರೆ. ಗುಡಿಯ ಹಿಂಭಾಗದ ಕತ್ತಲ ಕೋಣೆಯ ಗೋಡೆಯ ಮೇಲೆ ರಾಜಗೋಪುರ ತಲೆಕೆಳಗಾಗಿ ಬೀಳುವುದನ್ನು ನೀವು ನೋಡಿಯೇ ಇರುತ್ತೀರಿ. ಒಂದು ಚಿಕ್ಕ ಕಿಂಡಿಯ ಮೂಲಕ ಬರುವ ಬೆಳಕು ಅಲ್ಲಿ ಮಾಡುವ ಕೆಲಸವನ್ನೇ ನಮ್ಮ ಕ್ಯಾಮೆರಾ ಮಾಡುತ್ತದೆ. ಒಂದು ಮಿತಿಯವರೆಗೆ ಕಿಂಡಿ ಚಿಕ್ಕದಾದಷ್ಟೂ ಬಿಂಬ ಸ್ಪಷ್ಟ, ಆದರೆ ಮಂಕು. ದೊಡ್ಡದಾದರೆ ಬೆಳಕು ಹೆಚ್ಚು, ಆದರೆ ಕಲಸಿದಂತೆ. ಎಲ್ಲರೂ ಅದನ್ನು ಒಂದು ವಿಸ್ಮಯವೆಂದು ಮೊಬೈಲಿನಲ್ಲಿ ತೆಗೆದುಕೊಂಡು ಹೋಗುತ್ತಾರೆ. ನನ್ನ ಆಸೆಯೆಂದರೆ, ಯಾರಾದರೂ ಆ ಬಿಂಬವನ್ನಲ್ಲ, ಬಿಂಬ ಬಿದ್ದ ಗೋಡೆಯನ್ನು ಚಿತ್ರಿಸಬೇಕು. ಅದರ ಒರಟು ಮೈ, ಉಬ್ಬುತಗ್ಗು, ಅದರ ಮೇಲೆ ಉಸಿರಿನಷ್ಟು ತೆಳ್ಳಗೆ ಹರಡಿದ ಗೋಪುರ, ಎರಡೂ ಸಮನಾಗಿ ಕಾಣುವಂತೆ. ಕಟ್ಟಡವೇ ಕ್ಯಾಮೆರಾ ಆಗಿ, ಕಟ್ಟಡವೇ ಚಿತ್ರವಾಗಿ, ಕಲ್ಲೇ ಕಾಗದವಾಗುವ ಜಾಗ ಅದು. ದೀರ್ಘ ಎಕ್ಸ್‌ಪೋಷರ್, ಅಂದರೆ ಹೆಚ್ಚು ಹೊತ್ತು ಬೆಳಕು ಬಿಡುವುದು, ಬೇಕಾಗುತ್ತದೆ. ಆದರೆ ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಪುರಾತತ್ವ ಇಲಾಖೆಯ ಅನುಮತಿ ಬೇಕು. ಇದು ಪೂಜೆ ನಡೆಯುವ ಗುಡಿಯೂ ಆದ್ದರಿಂದ ಅಲ್ಲಿನವರನ್ನೂ ಕೇಳಿಕೊಂಡೇ ಮುಂದುವರಿಯಿರಿ.

ಉತ್ತರ: ನೆಳಲುಬೆಳಕು

ಸ್ಪರ್ಧೆಯ ತಿರಸ್ಕಾರದ ಬಗ್ಗೆ ಮಾತ್ರ ಚಿಕ್ಕದಾಗಿ ಹೇಳುತ್ತೇನೆ. ಛಾಯಾಗ್ರಹಣ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿಯಾಪ್, ಅಮೆರಿಕದ ಛಾಯಾಗ್ರಹಣ ಸಂಘವಾದ ಪಿ.ಎಸ್.ಎ. ಮತ್ತು ಬ್ರಿಟನ್ನಿನ ರಾಯಲ್ ಫೋಟೋಗ್ರಾಫಿಕ್ ಸೊಸೈಟಿ 2014ರಲ್ಲಿ ನಿಸರ್ಗ ಛಾಯಾಗ್ರಹಣಕ್ಕೆ ಒಂದೇ ವ್ಯಾಖ್ಯೆಯನ್ನು ಒಪ್ಪಿಕೊಂಡವು. ನಮ್ಮ ದೇಶದ ಸಲೋನ್‌ಗಳಲ್ಲೂ, ಅಂದರೆ ಛಾಯಾಚಿತ್ರ ಸ್ಪರ್ಧೆಗಳಲ್ಲೂ, ಅದೇ ಹೆಚ್ಚಾಗಿ ನಡೆಯುತ್ತದೆ. ಅದರ ಪ್ರಕಾರ ಚಿತ್ರದಲ್ಲಿ ಮನುಷ್ಯ ನಿರ್ಮಿತವಾದದ್ದು ಇರಕೂಡದು. ಮನುಷ್ಯ ಬದಲಿಸಿದ ಪರಿಸರಕ್ಕೆ ಹೊಂದಿಕೊಂಡ ಗೂಬೆ, ಕೊಕ್ಕರೆಗಳಂಥ ಜೀವಿಗಳ ಕಥೆ ಹೇಳಲು, ಇಲ್ಲವೇ ಚಂಡಮಾರುತದಂಥ ನಿಸರ್ಗಶಕ್ತಿಗಳನ್ನು ತೋರಿಸಲು ಆ ವಸ್ತು ಅನಿವಾರ್ಯವಾದರೆ ಮಾತ್ರ ವಿನಾಯಿತಿ. ನಿಮ್ಮ ಅರಳಿಬೇರಿನ ಚಿತ್ರದಲ್ಲಿ ಮಂಟಪ ಬೇರಿನಷ್ಟೇ ಮುಖ್ಯ. ಆದ್ದರಿಂದ ಅದು ಆ ವಿಭಾಗಕ್ಕೆ ಸೇರದು. ಅದು ಚಿತ್ರದ ದೋಷವಲ್ಲ. ಮುಕ್ತ ಏಕವರ್ಣ (ಕಪ್ಪು-ಬಿಳುಪು) ವಿಭಾಗಕ್ಕೆ ಕಳುಹಿಸಿ.

ಆದರೆ ನನ್ನ ಸ್ವಂತ ಅಭಿಪ್ರಾಯ ಕೇಳುವುದಾದರೆ, ಈ ಸರಣಿಯನ್ನು ಸ್ಪರ್ಧೆಗಳಿಗೆ ಬಿಡಿಬಿಡಿಯಾಗಿ ಕಳುಹಿಸಬೇಡಿ. ಸ್ಪರ್ಧೆಯಲ್ಲಿ ತೀರ್ಪುಗಾರರು ಒಂದು ಚಿತ್ರದ ಮುಂದೆ ಕೆಲವು ಕ್ಷಣ ಮಾತ್ರ ಇರುತ್ತಾರೆ, ಅಲ್ಲಿ ಮೊದಲ ನೋಟಕ್ಕೇ ಕೈಹಿಡಿದು ನಿಲ್ಲಿಸುವ ಚಿತ್ರ ಗೆಲ್ಲುತ್ತದೆ. ನೀವು ಮಾಡುತ್ತಿರುವುದು ಎರಡನೆಯ ನೋಟದಲ್ಲಿ ತೆರೆದುಕೊಳ್ಳುವ ಕೆಲಸ.

ಉತ್ತರ: ಹರಿಗೋಲು

ನಾನು ಹೊಸಪೇಟೆಯ ಕಡೆಯವನು, ಹಂಪಿಯ ಬಂಡೆಗಳ ಮೇಲೆ ಆಡಿ ಬೆಳೆದವನು. ಎಲ್ಲರ ಮಾತುಗಳನ್ನೂ ಗೌರವದಿಂದ ಓದಿದೆ. ಒಂದು ಭಿನ್ನಾಭಿಪ್ರಾಯವನ್ನು ಮುಂದಿಡಲು ಅನುಮತಿ ಬೇಡುತ್ತೇನೆ.

ಹಂಪಿಯ ಕಲಾತ್ಮಕ ಛಾಯಾಚಿತ್ರಗಳಲ್ಲಿ ಜನರೇ ಇರುವುದಿಲ್ಲ. ಬೆಳಗಿನ ಐದೂವರೆಗೆ ಬಂದು, ಯಾರೂ ಇಲ್ಲದ ಹೊತ್ತು ನೋಡಿ, ಖಾಲಿ ಮಂಟಪದ ಚಿತ್ರ ತೆಗೆದುಕೊಂಡು, ಜನ ಬರುವ ಮೊದಲು ಹೊರಟುಬಿಡುವುದು ಒಂದು ಪದ್ಧತಿಯೇ ಆಗಿದೆ. ಬಂಡೆ ಮತ್ತು ಕಂಬ ಎಂಬ ಎರಡೇ ಪದಗಳಲ್ಲಿ ಹಂಪಿಯನ್ನು ಹೇಳಿದರೆ, ಅದು ಎಂದೋ ಮುಗಿದುಹೋದ ಊರು ಎಂಬ ಭಾವ ಬರುತ್ತದೆ. ನಮ್ಮ ಮನೆಯವರಿಗೆ ಅದು ಹಾಳೂರಲ್ಲ. ವಿರೂಪಾಕ್ಷನಿಗೆ ಇಂದಿಗೂ ಪೂಜೆ ನಡೆಯುತ್ತದೆ, ರಥ ಎಳೆಯುತ್ತಾರೆ. ನದಿಯ ಮೆಟ್ಟಿಲುಗಳ ಮೇಲೆ ಸ್ನಾನ ಮಾಡುವವರಿದ್ದಾರೆ, ಬಿಸಿಲಿಗೆ ಮಂಟಪದ ನೆರಳಿನಲ್ಲಿ ಮಲಗುವವರಿದ್ದಾರೆ, ಕಂಬಕ್ಕೆ ಕುರಿಮರಿ ಕಟ್ಟುವವರಿದ್ದಾರೆ.

ಮಲಪ್ರಭೆಯವರು ಜನರ ಮುಖಗಳನ್ನು ತರಲೇಬೇಕು ಎಂದು ನಾನು ಹೇಳುತ್ತಿಲ್ಲ. ‘ಕತ್ತಲಕೋಣೆ’ಯವರು ಹೇಳಿದ ಸವೆದ ಮೆಟ್ಟಿಲಿನ ಚಿತ್ರವನ್ನೇ ತೆಗೆದುಕೊಳ್ಳಿ. ಅದರಲ್ಲಿ ಒಬ್ಬ ಮನುಷ್ಯನೂ ಕಾಣದೆ ಇರಬಹುದು, ಆದರೆ ಅಲೆಗಳನ್ನು ಮಾಡಿದ್ದು ಮನುಷ್ಯರ ಕಾಲುಗಳಲ್ಲವೇ? ನಮ್ಮಲ್ಲೂ ಅಂಥವು ಬೇಕಾದಷ್ಟಿವೆ. ಕೈ ತಗುಲಿ ತಗುಲಿ ಕನ್ನಡಿಯಂತಾದ ಕಂಬದ ಮೊಣಕಾಲೆತ್ತರದ ಭಾಗ, ಎಣ್ಣೆ ಹೀರಿ ಕಪ್ಪಾದ ಶಿಲ್ಪ, ಹತ್ತಿಳಿದವರ ಹೆಜ್ಜೆಗೆ ನುಣುಪಾದ ಮಾತಂಗ ಪರ್ವತದ ಕಲ್ಲು, ಹೊಸ್ತಿಲ ನಡುವಿನ ತಗ್ಗು. ಮಳೆ ಬಂಡೆಯನ್ನು ಸವೆಸಿತು, ಕುಟಿಗರು ಸೀಳಿದರು, ಅಲ್ಲಿಗೆ ಕಥೆ ನಿಲ್ಲಲಿಲ್ಲ. ಬದುಕುವವರು ಈಗಲೂ ಅದನ್ನು ಸವೆಸುತ್ತಿದ್ದಾರೆ. ಈ ಮೂರನೆಯ ಕೈಯನ್ನು ಬಿಟ್ಟರೆ ಸರಣಿ ಅಪೂರ್ಣವಾಗುತ್ತದೆ ಎಂಬುದು ನನ್ನ ನಂಬಿಕೆ.

ಉತ್ತರ: ಹಾಸುಗಲ್ಲು

‘ಹರಿಗೋಲು’ ಅವರ ಮಾತನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ, ನಾನು ಅದನ್ನು ಕಾಣದೆ ಹೋದದ್ದಕ್ಕೆ ವಿಷಾದವೂ ಇದೆ. ನುಣುಪಾದ ಕಲ್ಲು ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ, ಉಳಿ ತಾಗಿದ ಒರಟು ಕಲ್ಲು ಬೆಳಕನ್ನು ಚದುರಿಸುತ್ತದೆ. ಆದ್ದರಿಂದ ಒಂದೇ ಕಂಬದಲ್ಲಿ ಮುಟ್ಟಿದ ಭಾಗವೂ ಮುಟ್ಟದ ಭಾಗವೂ ಬೇರೆಬೇರೆ ಬಿಳುಪಿನಲ್ಲಿ ಬರುತ್ತವೆ. ಅಂಥ ಕಡೆ ಪೋಲರೈಸರ್ ಫಿಲ್ಟರ್ ಹಾಕಬೇಡಿ; ಅದು ತೆಗೆದುಹಾಕುವುದು ಆ ಹೊಳಪನ್ನೇ.

ಉತ್ತರ: ಕತ್ತಲಕೋಣೆ

ಪ್ರದರ್ಶನದ ವಿಷಯವಾಗಿ ನಾಲ್ಕು ಮಾತು ಹೇಳಿ ಮುಗಿಸುತ್ತೇನೆ. ಹೊಳಪಿನ ಕಾಗದ ಬೇಡ. ಹತ್ತಿಯ ನಾರಿನಿಂದ ಮಾಡಿದ ಮಂದವಾದ ಮ್ಯಾಟ್ ಕಾಗದದ ಮೇಲೆ ಪಿಗ್ಮೆಂಟ್ ಶಾಯಿಯಲ್ಲಿ ಪ್ರಿಂಟ್ ಹಾಕಿಸಿ. ಗ್ರಾನೈಟಿನ ಮೈಗೆ ಅದು ಹೊಂದುತ್ತದೆ, ಹೆಚ್ಚು ಕಾಲ ಬಾಳುತ್ತದೆ. ಮ್ಯಾಟ್ ಕಾಗದದಲ್ಲಿ ಕಡುಕಪ್ಪು ಪರದೆಯ ಮೇಲೆ ಕಂಡಷ್ಟು ಆಳವಾಗಿ ಬರುವುದಿಲ್ಲ. ಆದ್ದರಿಂದ ಮೊದಲು ಒಂದು ಚಿತ್ರದ ಚಿಕ್ಕ ಪಟ್ಟಿಯನ್ನು ಮಾತ್ರ ಹಾಕಿಸಿ, ಕತ್ತಲ ಭಾಗದಲ್ಲಿ ವಿವರ ಉಳಿದಿದೆಯೇ ಎಂದು ಹಗಲಿನ ಬೆಳಕಿನಲ್ಲಿ ನೋಡಿ, ಆಮೇಲೆ ಮುಂದುವರಿಯಿರಿ. ಪ್ರತಿ ಚಿತ್ರಕ್ಕೂ ಎಷ್ಟು ಪ್ರತಿ ಎಂಬುದನ್ನು ಮೊದಲೇ ನಿಶ್ಚಯಿಸಿ, ಐದೋ ಏಳೋ ಇರಲಿ, ಪೆನ್ಸಿಲಿನಲ್ಲಿ ಸಂಖ್ಯೆ ಬರೆದು ಸಹಿ ಹಾಕಿ, ಆ ಮಾತಿಗೆ ತಪ್ಪಬೇಡಿ.

ಎಲ್ಲವನ್ನೂ ದೊಡ್ಡದು ಮಾಡಬೇಡಿ. ಬೆಣೆಗುಳಿಯ ಚಿತ್ರ ಅಂಗೈಯಗಲವಿದ್ದರೆ ನೋಡುವವರು ಹತ್ತಿರ ಬರುತ್ತಾರೆ. ಹತ್ತಿರ ಬಂದವರಿಗೆ ಮಾತ್ರ ಅದು ಬೆಟ್ಟದಷ್ಟು ದೊಡ್ಡದಾಗಿ ಕಾಣುತ್ತದೆ. ಚಿತ್ರಗಳ ಕೆಳಗೆ ‘ವಿಠ್ಠಲ ದೇವಾಲಯ’, ‘ಹೇಮಕೂಟ’ ಎಂದು ಸ್ಥಳದ ಹೆಸರು ಬರೆಯುವುದನ್ನು ಕೂಡ ಇನ್ನೊಮ್ಮೆ ಯೋಚಿಸಿ. ಹೆಸರು ಓದಿದ ಕೂಡಲೇ ಕಣ್ಣು ನೋಡುವುದನ್ನು ನಿಲ್ಲಿಸಿ ನೆನಪು ಮಾಡಿಕೊಳ್ಳಲು ತೊಡಗುತ್ತದೆ. ಹೆಸರುಗಳ ಪಟ್ಟಿಯನ್ನು ಬಾಗಿಲ ಬಳಿ ಒಂದು ಹಾಳೆಯಲ್ಲಿ ಇಟ್ಟರೆ ಸಾಕು.

ಪ್ರಶ್ನೆ ಕೇಳಿದವರು: ಮಲಪ್ರಭೆ

ಇಷ್ಟು ಪ್ರೀತಿಯಿಂದ ಬರೆದ ಎಲ್ಲರಿಗೂ ನಾನು ಋಣಿ. ‘ಹರಿಗೋಲು’ ಅವರ ಮಾತು ಓದಿದಾಗ ನಾಚಿಕೆಯಾಯಿತು. ಐದೂವರೆಗೆ ಬಂದು ಜನರಿಲ್ಲದ ಹೊತ್ತು ಕಾಯುವವಳು ನಾನೇ. ಒಮ್ಮೆ ಮಂಟಪದಲ್ಲಿ ಮಲಗಿದ್ದ ಒಬ್ಬ ಅಜ್ಜಿ ಎದ್ದು ಹೋಗಲೆಂದು ಮುಕ್ಕಾಲು ಗಂಟೆ ಕಾದಿದ್ದೆ. ಅವರು ಎದ್ದು ಹೋದ ಮೇಲೆ ತೆಗೆದ ಚಿತ್ರವನ್ನು ಇಂದು ಮತ್ತೆ ತೆರೆದು ನೋಡಿದೆ. ಅವರು ಮಲಗಿದ್ದ ಜಾಗದಲ್ಲಿ ಹಾಸುಗಲ್ಲು ಸುತ್ತಲಿನದಕ್ಕಿಂತ ನುಣುಪಾಗಿದೆ, ಸ್ವಲ್ಪ ತಗ್ಗಾಗಿಯೂ ಇದೆ. ಎಷ್ಟು ಜನ, ಎಷ್ಟು ಮಧ್ಯಾಹ್ನಗಳು ಅಲ್ಲಿ ಒರಗಿದ್ದರೋ. ಆ ಚಿತ್ರವನ್ನು ಒಂಬತ್ತರ ಜೊತೆಗೆ ಹತ್ತನೆಯದಾಗಿ ಇಟ್ಟುಕೊಂಡಿದ್ದೇನೆ.

ಡಿಸೆಂಬರ್ 20ರ ಸುಮಾರಿಗೆ ನಾಲ್ಕು ದಿನ ಹೋಗಲು ನಿಶ್ಚಯಿಸಿದ್ದೇನೆ, ದಕ್ಷಿಣದ ಗೋಡೆಗಳಿಗಾಗಿ. ಟ್ರೈಪಾಡ್ ಅನುಮತಿಗೆ ಈ ವಾರವೇ ಅರ್ಜಿ ಬರೆಯುತ್ತೇನೆ. ‘ಹರಿಗೋಲು’ ಅವರೇ, ಮಾತಂಗ ಪರ್ವತದಲ್ಲಿ ಹೆಜ್ಜೆಗಳಿಂದ ನುಣುಪಾದ ಕಲ್ಲು ಎಂದಿರಲ್ಲ, ಅದು ಅಚ್ಯುತರಾಯ ದೇವಾಲಯದ ಕಡೆಯಿಂದ ಹತ್ತುವ ದಾರಿಯಲ್ಲಿದೆಯೋ ಅಥವಾ ಇನ್ನೊಂದು ಕಡೆಯದೋ? ಆ ದಾರಿಯಲ್ಲಿ ಕತ್ತಲಿರುವಾಗಲೇ ಒಬ್ಬಳೇ ಹತ್ತಬಾರದೆಂದು ಮನೆಯಲ್ಲಿ ಹೇಳುತ್ತಾರೆ. ಆದ್ದರಿಂದ ಬಿಸಿಲೇರಿದ ಮೇಲೆ, ಜನ ಹತ್ತಿ ಇಳಿಯುವ ಹೊತ್ತಿನಲ್ಲಿ ಹೋಗುತ್ತೇನೆ.